ಕೊಡಗಿನಲ್ಲಿ ಕಡಲ ಮಾತುಕತೆ: ಸಮುದ್ರ ವಿಜ್ಞಾನಿಯನ್ನು ಕರೆಸಿ ಕೂರಿಸಿ ಮಾತಾಡಿಸುವ ಬಗೆ

ಕರಾವಳಿಯಿಂದ ಒಬ್ಬ ಸಮುದ್ರ ವಿಜ್ಞಾನಿಯನ್ನು ಮಡಿಕೇರಿಗೋ ವಿರಾಜಪೇಟೆಗೋ ಕರೆಸಿ, ಮೂವತ್ತು ನಲವತ್ತು ಜನರ ನಡುವೆ ಕೂರಿಸಿ, ಕಾಫಿ ಕುಡಿಯುತ್ತ ಮಾತಾಡಿಸುವುದಕ್ಕೆ ದೊಡ್ಡ ಖರ್ಚೂ ಇಲ್ಲ, ದೊಡ್ಡ ಸಂಘಟನೆಯೂ ಬೇಕಿಲ್ಲ. ಆದರೂ ಇಂಥ ಕಾರ್ಯಕ್ರಮಗಳು ಕೆಡುತ್ತವೆ. ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಒಂದು, ವಿಷಯ ಕಡಲಿನಷ್ಟೇ ಅಗಲವಾಗಿರುತ್ತದೆ, ಎರಡು, ಮಾತುಕತೆ ಎಂದು ಹೊರಟದ್ದು ಸಭೆಯಾಗಿ ಮುಗಿಯುತ್ತದೆ. ಇವೆರಡನ್ನು ತಪ್ಪಿಸಿದರೆ ಮುಕ್ಕಾಲು ಕೆಲಸ ಆದಂತೆ.

ಈ ಮಾದರಿ ಹೊಸದೇನಲ್ಲ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ 1998ರಲ್ಲಿ ಡಂಕನ್ ಡಲ್ಲಾಸ್ ಎಂಬವರು ‘ಕೆಫೆ ಸಿಯಾಂಟಿಫಿಕ್’ ಹೆಸರಿನಲ್ಲಿ ಶುರು ಮಾಡಿದ್ದು ಇದನ್ನೇ. ಪರಿಣತರು ಸ್ವಲ್ಪ ಹೊತ್ತು ಮಾತಾಡುತ್ತಾರೆ, ನಡುವೆ ಬಿಡುವು, ಉಳಿದ ಹೊತ್ತೆಲ್ಲ ಕೇಳುಗರದ್ದು. ಕಾಫಿ ಬೆಳೆಯುವ ಜಿಲ್ಲೆಗೆ ಈ ಏರ್ಪಾಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಷಯ: ಒಂದೇ ಪ್ರಶ್ನೆ, ಅದೂ ಕೊಡಗಿಗೆ ತಾಗುವಂಥದ್ದು

‘ಸಾಗರಗಳ ಸಂರಕ್ಷಣೆ’ ಎಂದು ಬ್ಯಾನರ್ ಬರೆಸಿದರೆ ಬರುವವರು ಹಾಜರಾತಿಗಾಗಿ ಕಾಲೇಜಿನಿಂದ ಕಳಿಸಿದ ಮಕ್ಕಳು ಮಾತ್ರ. ‘ಕಣದಲ್ಲಿ ಹರಡಿದ ಕಾಫಿ ನವೆಂಬರಿನಲ್ಲಿ ನೆನೆಯುವುದಕ್ಕೂ ಅರಬ್ಬಿ ಸಮುದ್ರಕ್ಕೂ ಏನು ಸಂಬಂಧ?’ ಎಂದು ಬರೆಸಿ ನೋಡಿ, ಬೆಳೆಗಾರರು ತಾವಾಗಿಯೇ ಬರುತ್ತಾರೆ. ಈ ಪ್ರಶ್ನೆಗೆ ಉತ್ತರ ಹೇಳಲು ಹೊರಟ ವಿಜ್ಞಾನಿ ಸಮುದ್ರದ ಮೇಲ್ಮೈ ಬಿಸಿ, ಆವಿ, ವಾಯುಭಾರ ಕುಸಿತ, 2019ರ ಅಕ್ಟೋಬರಿನ ಕ್ಯಾರ್, 2021ರ ಮೇ ತಿಂಗಳ ತೌಕ್ತೆ ಚಂಡಮಾರುತಗಳು ಎಲ್ಲವನ್ನೂ ಮುಟ್ಟಲೇಬೇಕಾಗುತ್ತದೆ. ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿದ್ದರೆ ಚಂಡಮಾರುತಕ್ಕೆ ಮೇವು ಸಿಗುತ್ತದೆ ಎಂಬ ಮಾತು ಪಾಠದ ಹಾಗೆ ಕೇಳಿಸುವುದಿಲ್ಲ, ತಮ್ಮ ಕಣದ ಲೆಕ್ಕದ ಹಾಗೆ ಕೇಳಿಸುತ್ತದೆ.

ಎರಡನೆಯ ಒಳ್ಳೆಯ ವಿಷಯ ನದಿಗಳದ್ದು. ಕೊಡಗಿನ ನೀರು ಎರಡೂ ಕಡಲಿಗೆ ಹೋಗುತ್ತದೆ. ತಲಕಾವೇರಿಯಲ್ಲಿ ಹುಟ್ಟಿದ್ದು ಪೂರ್ವಕ್ಕೆ ಹರಿದು ಪೂಂಪುಹಾರ್ ಬಳಿ ಬಂಗಾಳಕೊಲ್ಲಿ ಸೇರುತ್ತದೆ. ಪಯಸ್ವಿನಿ ಸುಳ್ಯ ದಾಟಿ ಚಂದ್ರಗಿರಿಯಾಗಿ ಕಾಸರಗೋಡಿನಲ್ಲಿ, ಬಾರಪೊಳೆಯ ನೀರು ವಳಪಟ್ಟಣಂ ಹೊಳೆಯ ಮೂಲಕ ಕಣ್ಣೂರಿನ ಬಳಿ, ಪುಷ್ಪಗಿರಿ ಸೀಮೆಯ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತವೆ. ಕಡಲತೀರದ ಮರಳಿನಲ್ಲಿ ದೊಡ್ಡ ಪಾಲು ನದಿ ತಂದು ಹಾಕಿದ್ದು; ನದಿಗೆ ಅಣೆಕಟ್ಟು ಕಟ್ಟಿದರೆ, ಮರಳು ಎತ್ತಿದರೆ, ದಂಡೆಗೆ ಬರುವ ಮರಳು ಕಡಿಮೆಯಾಗುತ್ತದೆ. ಉಳ್ಳಾಲದ ಕಡಲ್ಕೊರೆತದ ಬಗ್ಗೆ ಮಾತಾಡಲು ಬಂದವರಿಗೆ ‘ಘಟ್ಟದ ಮೇಲಿನ ಮಣ್ಣು ಮರಳಿಗೂ ಅದಕ್ಕೂ ಇರುವ ನಂಟು ಹೇಳಿ’ ಎಂದು ಮೊದಲೇ ತಿಳಿಸಿದರೆ ಅವರೂ ಹಳೆಯ ಉಪನ್ಯಾಸ ಬಿಟ್ಟು ಹೊಸದಾಗಿ ಯೋಚಿಸುತ್ತಾರೆ.

ಮೂರನೆಯದು ಮೀನು. ಇದಕ್ಕೆ ಜನ ಖಂಡಿತ ಬರುತ್ತಾರೆ, ಪ್ರಚಾರವೂ ಬೇಡ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹಾಗಾದರೆ ಆ ಎರಡು ತಿಂಗಳು ಸಂತೆಗೆ ಬರುವ ಮೀನು ಎಲ್ಲಿಯದು, ಎಷ್ಟು ದಿನದ ಐಸಿನಲ್ಲಿ ಇದ್ದದ್ದು? ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಎಂಬುದು ಗೊತ್ತಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

‘ಕೊಡಗಿಗೂ ಕಡಲಿಗೂ ಏನು ಸಂಬಂಧ’ ಎಂದು ತಕರಾರು ತೆಗೆಯುವವರು ಸಮಿತಿಯಲ್ಲಿ ಒಬ್ಬರಾದರೂ ಇರುತ್ತಾರೆ. ಸುನಾಮಿ ಮುನ್ನೆಚ್ಚರಿಕೆ ಕೊಡುವ, ಮೀನು ಎಲ್ಲಿ ಸಿಗಬಹುದೆಂದು ಉಪಗ್ರಹ ನೋಡಿ ಮೀನುಗಾರರಿಗೆ ತಿಳಿಸುವ ರಾಷ್ಟ್ರೀಯ ಕೇಂದ್ರ ಇನ್‌ಕಾಯಿಸ್ ಇರುವುದು ಹೈದರಾಬಾದಿನಲ್ಲಿ. ಅಲ್ಲಿಗಿಂತ ಮಡಿಕೇರಿಗೆ ಕಡಲು ಎಷ್ಟೋ ಹತ್ತಿರ.

ಪರಿಣತರು ಎಲ್ಲಿ ಸಿಗುತ್ತಾರೆ, ಹೇಗೆ ಕೇಳಬೇಕು

ಹತ್ತಿರದ ದಾರಿ ಮಂಗಳೂರು. 1969ರಲ್ಲಿ ಶುರುವಾದ ಮೀನುಗಾರಿಕೆ ಮಹಾವಿದ್ಯಾಲಯ ಅಲ್ಲಿದೆ. ಕೊಚ್ಚಿಯಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಅಲ್ಲಿದೆ. ಮೀನಿನ ವಿಷಯಕ್ಕೆ ಇವೆರಡು. ದಂಡೆ, ಅಲೆ, ಕಡಲ್ಕೊರೆತಕ್ಕೆ ಸುರತ್ಕಲ್ಲಿನ ಎನ್‌ಐಟಿಕೆ. ಮರಳು, ಶಿಲೆ, ಕಡಲ ತಳಕ್ಕೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಸಾಗರ ಭೂವಿಜ್ಞಾನ ವಿಭಾಗ. ಕಡಲ ಜೀವಿಗಳ ಬಗ್ಗೆ ಕಾರವಾರದ ಕೋಡಿಬಾಗದಲ್ಲಿ ಒಳ್ಳೆಯ ಪರಿಣತರಿದ್ದಾರೆ, ದೂರ ಮಾತ್ರ ಹೆಚ್ಚು. ವಿರಾಜಪೇಟೆಯಲ್ಲಿ ನಡೆಸುವುದಾದರೆ ಮಾಕುಟ್ಟ ಘಾಟಿ ಇಳಿದರೆ ಸಿಗುವ ಕಣ್ಣೂರಿನ ಕಡಲೇ ಮಂಗಳೂರಿಗಿಂತ ಹತ್ತಿರ. ಅಲ್ಲಿಂದ ಬಂದವರು ಮಲಯಾಳದಲ್ಲಿ ಮಾತಾಡಿದರೂ ವಿರಾಜಪೇಟೆಯ ಅರ್ಧ ಜನಕ್ಕೆ ಅರ್ಥವಾಗುತ್ತದೆ. ಉಳಿದರ್ಧಕ್ಕೆ ಕನ್ನಡದಲ್ಲಿ ಹೇಳುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿ.

ಪರಿಣತರೆಂದರೆ ಪಿಎಚ್‌ಡಿಯವರೇ ಆಗಬೇಕಿಲ್ಲ. ಮೂವತ್ತು ವರ್ಷ ಬೋಟ್ ನಡೆಸಿದ ತಾಂಡೇಲರೊಬ್ಬರು ವಿಜ್ಞಾನಿಯ ಜೊತೆ ಬಂದರೆ ಮಾತುಕತೆಯ ಕಳೆಯೇ ಬೇರೆ. ಇಬ್ಬರೂ ಒಪ್ಪದ ಒಂದು ವಿಷಯ ಎದ್ದರಂತೂ ಯಾರೂ ಎದ್ದು ಹೋಗುವುದಿಲ್ಲ.

ಸರ್ಕಾರಿ ಸಂಸ್ಥೆಯ ವಿಜ್ಞಾನಿಗೆ ಅನುಮತಿ ಬೇಕು. ಆದ್ದರಿಂದ ಮೊದಲು ಫೋನಿನಲ್ಲಿ ಅವರ ಒಪ್ಪಿಗೆ ಪಡೆದು, ಆಮೇಲೆ ಸಂಸ್ಥೆಯ ಮುಖ್ಯಸ್ಥರ ಹೆಸರಿಗೆ ಪತ್ರ ಬರೆದು, ಪ್ರತಿಯನ್ನು ಅವರಿಗೆ ಕಳಿಸಿ. ಆರು ವಾರ ಮೊದಲೇ ಬರೆಯಿರಿ. ಎರಡು ವಾರ ಇರುವಾಗ ಬರೆದರೆ ‘ಮುಂದೆ ನೋಡೋಣ’ ಎಂಬ ಉತ್ತರ ಬರುತ್ತದೆ. ಪತ್ರ ಒಂದೇ ಪುಟ ಸಾಕು. ಅದರಲ್ಲಿ ಇರಬೇಕಾದ್ದು ಇಷ್ಟು: ಯಾವ ಪ್ರಶ್ನೆಯ ಬಗ್ಗೆ ಮಾತು, ಕೇಳುವವರು ಯಾರು, ಎರಡು ಆಯ್ಕೆಯ ದಿನಾಂಕ, ಮಾತು 20 ನಿಮಿಷ, ಪ್ರಶ್ನೋತ್ತರ 50 ನಿಮಿಷ, ಪರದೆ ಪ್ರೊಜೆಕ್ಟರ್ ಇರುವುದಿಲ್ಲ, ವಾಹನ ಮತ್ತು ಉಳಿಯುವ ವ್ಯವಸ್ಥೆ ನಮ್ಮದು. ‘ತಮ್ಮ ಅಮೂಲ್ಯ ಸಮಯ’ ಮುಂತಾದ ಪೀಠಿಕೆಯ ಜಾಗದಲ್ಲಿ ಈ ವಿವರಗಳನ್ನು ಬರೆದರೆ ಅವರಿಗೂ ಅನುಕೂಲ.

ಕಾರ್ಯಕ್ರಮಕ್ಕೆ ವಾರವಿರುವಾಗ ಇನ್ನೊಮ್ಮೆ ಫೋನ್ ಮಾಡಿ. ಈ ಕರೆಯನ್ನು ತಪ್ಪಿಸಬೇಡಿ. ಅವರು ಹೇಳಬೇಕೆಂದಿರುವ ಒಂದೇ ಮಾತು ಯಾವುದು, ಕೈಯಲ್ಲಿ ಹಿಡಿದು ತೋರಿಸುವಂಥದ್ದು ಏನು ತರುತ್ತಾರೆ, ಯಾವ ಪ್ರಶ್ನೆಗೆ ಉತ್ತರಿಸಲು ಅವರಿಗೆ ಕಷ್ಟ, ಇಷ್ಟನ್ನು ಕೇಳಿ. ಮೂರನೆಯದನ್ನು ಕೇಳಲು ಸಂಕೋಚ ಬೇಡ. ನಡೆಯುತ್ತಿರುವ ಬಂದರು ಕಾಮಗಾರಿ, ನ್ಯಾಯಾಲಯದಲ್ಲಿರುವ ವಿವಾದ, ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ಅನುಮತಿಗಳ ಬಗ್ಗೆ ಸರ್ಕಾರಿ ನೌಕರರು ಬಹಿರಂಗವಾಗಿ ಅಭಿಪ್ರಾಯ ಹೇಳಲಾಗದು. ಅದು ನಡೆಸಿಕೊಡುವವರಿಗೆ ಗೊತ್ತಿದ್ದರೆ ಅಂಥ ಪ್ರಶ್ನೆ ಬಂದಾಗ ಅವರನ್ನು ಇಕ್ಕಟ್ಟಿಗೆ ಸಿಲುಕಿಸದೆ ದಾಟಿಸಬಹುದು.

ದಿನ, ಹೊತ್ತು, ಜಾಗ

ಇಲ್ಲಿ ಕರಾವಳಿಯ ಪಂಚಾಂಗವೂ ಕೊಡಗಿನ ಪಂಚಾಂಗವೂ ಒಂದಕ್ಕೊಂದು ಅಡ್ಡ ಬರುತ್ತವೆ. ಮೀನುಗಾರರಿಗೆ ಬಿಡುವಿರುವುದು ಜೂನ್ ಜುಲೈಯಲ್ಲಿ; ಆದರೆ ಆಗ ಘಾಟಿ ರಸ್ತೆ ನಂಬುವಂತಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಜರಿದು ಮಡಿಕೇರಿ ಸಂಪಾಜೆ ದಾರಿಯೇ ಕಡಿದುಹೋಗಿತ್ತು. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲಿನ ಭರ, ಬೆಳೆಗಾರರು ಕೈಗೆ ಸಿಗುವುದಿಲ್ಲ. ಮಾರ್ಚಿನಲ್ಲಿ ಪರೀಕ್ಷೆ, ಏಪ್ರಿಲ್ ಮೇ ತಿಂಗಳಲ್ಲಿ ಕೊಡವ ಹಾಕಿ ಹಬ್ಬ. ಉಳಿಯುವ ಒಳ್ಳೆಯ ಕಾಲವೆಂದರೆ ತುಲಾ ಸಂಕ್ರಮಣ ಮುಗಿದ ಮೇಲೆ, ಹುತ್ತರಿಗೆ ಮೊದಲು. ಅಂದರೆ ಅಕ್ಟೋಬರ್ 20ರಿಂದ ನವೆಂಬರ್ ಮಧ್ಯದವರೆಗೆ. ಆ ವರ್ಷ ದಸರಾ ತಡವಾಗಿದ್ದರೆ ಮಡಿಕೇರಿ ಬಿಟ್ಟು ಗೋಣಿಕೊಪ್ಪ, ಕುಶಾಲನಗರ ನೋಡುವುದು ಮೇಲು. ಗೋಣಿಕೊಪ್ಪದಲ್ಲೂ ದಸರಾ ಜೋರೇ, ದಿನ ನೋಡಿಕೊಳ್ಳಿ.

ಶನಿವಾರ ಭಾನುವಾರ ಬೇಡ. ಪ್ರವಾಸಿಗರ ವಾಹನಗಳಲ್ಲಿ ಮಡಿಕೇರಿ ಹೊರಗಿನವರಿಗೂ ಒಳಗಿನವರಿಗೂ ಹೋಗಲಾರದ ಊರಾಗುತ್ತದೆ, ಕೋಣೆಯ ಬಾಡಿಗೆಯೂ ಏರುತ್ತದೆ. ಶುಕ್ರವಾರ ಸಂಜೆ 4 ಗಂಟೆಗೆ ಶುರು, 5.45ಕ್ಕೆ ಮುಕ್ತಾಯ. ಇಷ್ಟು ಬೇಗ ಏಕೆಂದರೆ ನವೆಂಬರಿನಲ್ಲಿ ಆರಕ್ಕೆಲ್ಲ ಕತ್ತಲು. ಸಿದ್ದಾಪುರ, ತಿತಿಮತಿ ಕಡೆಯ ತೋಟಗಳಿಗೆ ಹೋಗುವವರು ಆನೆ ದಾರಿಗೆ ಬರುವ ಹೊತ್ತಿನಲ್ಲಿ ಸ್ಕೂಟರಿನಲ್ಲಿ ಹೋಗುವಂತಾಗಬಾರದು. ‘ಏಳಕ್ಕೆ ಮುಗಿಯುತ್ತದೆ’ ಎಂದು ಕರಪತ್ರದಲ್ಲಿದ್ದರೆ ತೋಟದ ಜನ ಬರುವುದೇ ಇಲ್ಲ.

ಪರಿಣತರಿಗೆ ಮಂಗಳೂರಿನಿಂದ ಮಡಿಕೇರಿಗೆ 140 ಕಿಲೋಮೀಟರಿನಷ್ಟು ದಾರಿ, ನಾಲ್ಕು ಗಂಟೆ ಹಿಡಿಯುತ್ತದೆ. ರಾತ್ರಿ ಮಂಜಿನಲ್ಲಿ ಘಾಟಿ ಇಳಿಸುವುದು ಸರಿಯಲ್ಲ. ಹೋಂಸ್ಟೇ ನಡೆಸುವವರೊಬ್ಬರನ್ನು ಕೇಳಿ ಆ ರಾತ್ರಿಗೆ ಒಂದು ಕೋಣೆ ಮಾಡಿಸಿ. ಹೆಸರನ್ನು ಕರಪತ್ರದಲ್ಲಿ ಹಾಕುತ್ತೇವೆ ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ಸಂಪಾಜೆ ಮುಚ್ಚಿದರೆ ಶಿರಾಡಿ, ಸಕಲೇಶಪುರ, ಸೋಮವಾರಪೇಟೆ ಮೂಲಕ ಸುತ್ತಿ ಬರಬೇಕು. ಚಾಲಕರಿಗೆ ಇದನ್ನು ಹಿಂದಿನ ದಿನವೇ ಹೇಳಿಟ್ಟಿರಿ. ದಾರಿಯೇ ಇಲ್ಲವಾದರೆ ಫೋನಿನ ಸ್ಪೀಕರಿಗಿಂತ ದಿನ ಮುಂದೂಡುವುದು ಲೇಸು. ಈ ಗುಡ್ಡದಲ್ಲಿ ನೆಟ್‌ವರ್ಕ್ ನಂಬಿ ನಲವತ್ತು ಜನರನ್ನು ಕೂರಿಸಬಾರದು.

ಜಾಗ ಚಿಕ್ಕದಿರಲಿ. ಸಮಾಜದ ಕಲ್ಯಾಣ ಮಂಟಪದಲ್ಲಿ ನಲವತ್ತು ಜನ ಕೂತರೆ ಯಾರೂ ಬಂದಿಲ್ಲವೇನೋ ಅನ್ನಿಸುತ್ತದೆ. ಕ್ಲಬ್ಬುಗಳಲ್ಲಿ ಸದಸ್ಯರ ಮುಂದೆ ಉಳಿದವರು ಬಾಯಿ ಬಿಡುವುದಿಲ್ಲ. ಗ್ರಂಥಾಲಯದ ಓದುವ ಕೋಣೆ, ಹೋಟೆಲಿನ ಮಹಡಿ, ಶಾಲೆಯ ದೊಡ್ಡ ತರಗತಿ, ಇವು ಚೆನ್ನ. ನೋಡಲು ಹೋದಾಗ ತಲೆ ಎತ್ತಿ ಮಾಡು ನೋಡಿ. ತಗಡಿನ ಶೀಟಾಗಿದ್ದು ಕೆಳಗೆ ಸೀಲಿಂಗ್ ಇಲ್ಲದಿದ್ದರೆ, ಒಂದು ಹದ ಮಳೆ ಬಂದರೂ ಎರಡನೆಯ ಸಾಲಿಗೆ ಮಾತು ಕೇಳಿಸುವುದಿಲ್ಲ, ಮೈಕು ಹಾಕಿದರೂ ಅಷ್ಟೇ. ಹೆಂಚಿನ ಮಾಡು ಅಥವಾ ಆರ್‌ಸಿಸಿ ಇರುವಲ್ಲಿ ನಲವತ್ತು ಜನರಿಗೆ ಮೈಕೇ ಬೇಡ. ಕುರ್ಚಿಗಳನ್ನು ಎರಡು ಸಾಲಿನ ಅರ್ಧವೃತ್ತದಲ್ಲಿ ಹಾಕಿ, ಪರಿಣತರಿಗೂ ಅದೇ ಬಗೆಯ ಕುರ್ಚಿ. ವೇದಿಕೆ ಇದ್ದರೆ ಬಳಸಬೇಡಿ.

ಸಭೆಯಾಗದಂತೆ ತಡೆಯುವುದು

ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿ ಪರಿಚಯ, ಶಾಲು ಹಾರ, ಅಧ್ಯಕ್ಷರ ಭಾಷಣ, ವಂದನಾರ್ಪಣೆ: ಇದಕ್ಕೇ ಮುಕ್ಕಾಲು ಗಂಟೆ ಹೋಗುತ್ತದೆ. ಎಲ್ಲವನ್ನೂ ಬಿಡಿ. ನಡೆಸಿಕೊಡುವವರು ಎರಡು ವಾಕ್ಯದಲ್ಲಿ ಪರಿಣತರ ಹೆಸರು, ಕೆಲಸ ಹೇಳಿ, ಪ್ರಶ್ನೆಯನ್ನು ಓದಿ ಕೂರಲಿ. ಜನಪ್ರತಿನಿಧಿಗಳು ಬಂದರೆ ಸಂತೋಷ, ಆದರೆ ಕುರ್ಚಿ ಎಲ್ಲರ ನಡುವೆಯೇ. ಇದನ್ನು ಅವರ ಆಪ್ತರಿಗೆ ಮೊದಲೇ ತಿಳಿಸದಿದ್ದರೆ ಆ ದಿನ ನಿಮಗೆ ಧೈರ್ಯ ಸಾಲುವುದಿಲ್ಲ.

ಪ್ರೊಜೆಕ್ಟರ್ ಬೇಡವೆನ್ನುವುದು ಹಟಕ್ಕಲ್ಲ. ಪರದೆಗಾಗಿ ದೀಪ ಆರಿಸಿದರೆ ಜನ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಆಮೇಲೆ ಪ್ರಶ್ನೆಯೂ ಹುಟ್ಟುವುದಿಲ್ಲ. ಕರೆಂಟ್ ಹೋದರಂತೂ ಅರವತ್ತು ಸ್ಲೈಡ್ ತಂದವರು ಮಾತೇ ಮರೆತವರಂತೆ ನಿಲ್ಲುತ್ತಾರೆ. ಗೋಡೆಗೆ ದಕ್ಷಿಣ ಭಾರತದ ದೊಡ್ಡ ನಕ್ಷೆಯೊಂದನ್ನು ತೂಗುಹಾಕಿ, ಕೊಡಗಿನ ನಾಲ್ಕು ನದಿಗಳ ಮೇಲೆ ನೀಲಿ ಉಲ್ಲನ್ ದಾರ ಅಂಟಿಸಿ ಸಮುದ್ರದವರೆಗೆ ಎಳೆಯಿರಿ. ಪೂರ್ತಿ ಸಂಜೆ ಜನ ಅದರತ್ತ ಬೆರಳು ತೋರಿಸಿ ಮಾತಾಡುತ್ತಾರೆ.

ಕೈಯಾರೆ ತೋರಿಸುವ ಎರಡು ಸಂಗತಿ

ನದಿ ಕಡಲು ಸೇರುವ ಅಳಿವೆಯಲ್ಲಿ ಸಿಹಿನೀರು ಉಪ್ಪುನೀರು ಹೇಗೆ ಸೇರುತ್ತವೆ ಎಂಬುದನ್ನು ಮೇಜಿನ ಮೇಲೆ ತೋರಿಸಬಹುದು. ಬೇಕಾದ್ದು 30 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ. ನಡುವೆ ಗಟ್ಟಿ ಪ್ಲಾಸ್ಟಿಕ್ ಹಾಳೆಯ ತಡೆ ನಿಲ್ಲಿಸಿ, ಅಂಚಿಗೆ ಮಕ್ಕಳು ಆಟಕ್ಕೆ ಬಳಸುವ ಬಣ್ಣದ ಕ್ಲೇ ಒತ್ತಿ. ಹತ್ತು ಸೆಂಟಿಮೀಟರ್ ಎತ್ತರಕ್ಕೆ ತುಂಬಲು ಪ್ರತಿ ಬದಿಗೆ ಎರಡೂಕಾಲು ಲೀಟರ್ ನೀರು ಬೇಕು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆದ್ದರಿಂದ ಒಂದು ಬದಿಯ ನೀರಿಗೆ 80 ಗ್ರಾಂ ಕಲ್ಲುಪ್ಪು ಕರಗಿಸಿ, ಕೆಂಪು ಫುಡ್ ಕಲರ್ ನಾಲ್ಕು ಹನಿ ಹಾಕಿ. ಪುಡಿಯುಪ್ಪು ಬಳಸಿದರೆ ಅದು ಗಂಟು ಕಟ್ಟದಿರಲಿ ಎಂದು ಬೆರೆಸಿದ ವಸ್ತುವಿನಿಂದ ನೀರು ಮಬ್ಬಾಗುತ್ತದೆ. ಬೇಗ ಕರಗಲೆಂದು ಬಿಸಿನೀರು ಬಳಸಿದರೆ ಪೂರ್ತಿ ತಣಿಯುವವರೆಗೆ ಕಾಯಿರಿ. ಬಿಸಿನೀರು ಹಗುರ, ಉಪ್ಪಿನ ಭಾರ ಅಷ್ಟರಮಟ್ಟಿಗೆ ಕಡಿಮೆ ಕಾಣಿಸುತ್ತದೆ. ಎರಡೂ ಬದಿಗೆ ಒಟ್ಟಿಗೆ ಸುರಿಯಿರಿ. ಒಂದು ಬದಿ ಮೊದಲು ತುಂಬಿದರೆ ನೀರಿನ ಒತ್ತಡಕ್ಕೆ ಕ್ಲೇ ಬಿಟ್ಟು ಸೋರುತ್ತದೆ.

ಹಿಂದೆ ಬಿಳಿ ರಟ್ಟು ನಿಲ್ಲಿಸಿ ತಡೆಯನ್ನು ನೇರವಾಗಿ ಮೇಲಕ್ಕೆ ಎಳೆಯಿರಿ. ಕೆಂಪು ನೀರು ತಳದಲ್ಲಿ ಚೂಪಾದ ಮೂತಿ ಮಾಡಿಕೊಂಡು ಎದುರಿನ ಗೋಡೆಯತ್ತ ನುಗ್ಗುತ್ತದೆ, ಸಿಹಿನೀರು ಅದರ ಮೇಲೆ ಹತ್ತಿ ಈ ಕಡೆಗೆ ಬರುತ್ತದೆ. ಇದೆಲ್ಲ ಆಗಲು ಎರಡು ಮೂರು ಸೆಕೆಂಡು ಸಾಕು, ಹಾಗಾಗಿ ಎಲ್ಲರೂ ಹತ್ತಿರ ಬಂದು ನಿಂತ ಮೇಲೆಯೇ ಎಳೆಯಿರಿ, ಇನ್ನೊಮ್ಮೆ ಮಾಡಲು ನೀರು ಸಿದ್ಧವಿರಲಿ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಉಪ್ಪುನೀರು ಒಳನಾಡಿಗೆ ಏಕೆ ಏರುತ್ತದೆ, ಅಳಿವೆ ಬದಿಯ ಬಾವಿ ಏಕೆ ಉಪ್ಪಾಗುತ್ತದೆ ಎಂದು ಆಮೇಲೆ ಪರಿಣತರು ಹೇಳಲಿ. ಮೊಟ್ಟೆ ತೇಲಿಸುವ ಪ್ರಯೋಗ ಮಾತ್ರ ಬೇಡ. ತಾಜಾ ಮೊಟ್ಟೆ ಕಡಲ ನೀರಿನಲ್ಲಿ ಮುಳುಗುತ್ತದೆ. ತೇಲಿಸಲು ಲೀಟರಿಗೆ ನೂರು ಗ್ರಾಮಿಗೂ ಮೇಲೆ ಉಪ್ಪು ಹಾಕಬೇಕು, ಅದು ಕಡಲೇ ಅಲ್ಲ.

ಎರಡನೆಯದು ಮೀನಿನ ಕಿವಿರು. ಮೀನಂಗಡಿಯಲ್ಲಿ ನಾಲ್ಕು ಬೂತಾಯಿ, ಅಂದರೆ ಮತ್ತಿ, ಮತ್ತು ಒಂದು ಅಂಜಲಿನ ತಲೆ ಹೇಳಿಟ್ಟಿರಿ; ತಲೆ ಮಾತ್ರವಾದರೆ ದುಬಾರಿಯಲ್ಲ. ಕಿವಿರಿನ ಮುಚ್ಚಳ ಕತ್ತರಿಸಿ ಕಮಾನನ್ನು ಹೊರತೆಗೆದು ಬಿಳಿ ತಟ್ಟೆಯ ನೀರಿನಲ್ಲಿ ಬಿಡಿ. ಬೂತಾಯಿಯ ಕಮಾನಿನ ಒಳಬದಿಯಲ್ಲಿ ಹೇನು ಬಾಚಣಿಗೆಯ ಹಲ್ಲಿನಂತೆ ಸಾಲು ಸಾಲು ಸಣ್ಣ ಎಳೆಗಳು ಬಿಡಿಸಿಕೊಳ್ಳುತ್ತವೆ. ನೀರಿನಲ್ಲಿ ಬಿಡದೆ ಒಣಗಿಸಿದರೆ ಅಂಟಿಕೊಂಡು ಏನೂ ಕಾಣಿಸುವುದಿಲ್ಲ. ಅಂಜಲಿನಲ್ಲಿ ಅಂಥವು ಬೆರಳೆಣಿಕೆಯಷ್ಟು, ಮೊಂಡು. ಒಂದು ನೀರು ಸೋಸಿ ಪ್ಲವಕ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ತಿನ್ನುವ ಮೀನು, ಇನ್ನೊಂದು ಬೇಟೆಗಾರ. ಮಳೆಗಾಲದಲ್ಲಿ ತಳದ ತಣ್ಣೀರು ಮೇಲಕ್ಕೆದ್ದು ಪ್ಲವಕ ಹೆಚ್ಚಿದರೆ ಬೂತಾಯಿಗೆ ಸುಗ್ಗಿ. ಕೆಲವು ವರ್ಷ ಅದು ರಾಶಿ ಬಿದ್ದು ಕೆಲವು ವರ್ಷ ಮಾಯವಾಗುವುದಕ್ಕೆ ಇದೂ ಒಂದು ಕಾರಣ ಎಂಬ ಮಾತು ಇಲ್ಲಿಂದ ಸಲೀಸಾಗಿ ಬರುತ್ತದೆ. ಇದನ್ನು ಜಗಲಿಯಲ್ಲಿ ಮಾಡಿ, ಕಾಫಿ ಮುಗಿದ ಮೇಲೆ. ಜಾಗ ಕೊಟ್ಟವರಿಗೆ ಮೀನು ಒಳಗೆ ತರುವುದು ಒಪ್ಪಿಗೆಯೇ ಎಂದು ಮೊದಲೇ ಕೇಳಬೇಕು.

ಕಾಫಿ ಬಿಡುವು, ಚೀಟಿ, ಪ್ರಶ್ನೆ

ನಲವತ್ತು ಜನಕ್ಕೆ ಐದು ಲೀಟರ್ ಕಾಫಿ. ಬೆಲ್ಲದ ಕರಿ ಕಾಫಿಯೇ ಒಳ್ಳೆಯದು. ಹಾಲಿನ ಕಾಫಿಗೆ ಬೆಲ್ಲ ಹಾಕಿ ಕುದಿಸಿದರೆ ಹಾಲು ಒಡೆಯುವ ಭಯ. ಕರಿ ಕಾಫಿಯನ್ನು ಫ್ಲಾಸ್ಕಿನಲ್ಲಿ ಒಂದು ಗಂಟೆ ಮೊದಲೇ ತುಂಬಿಡಬಹುದು.

ಬಿಡುವು 15 ನಿಮಿಷ, ಅದಕ್ಕಿಂತ ಹೆಚ್ಚಾದರೆ ಗುಂಪುಗಳು ಒಡೆದು ಒಳಗೆ ಕರೆತರುವುದೇ ಕೆಲಸವಾಗುತ್ತದೆ. ಈ ಹೊತ್ತಿನಲ್ಲಿ ಪ್ರತಿಯೊಬ್ಬರಿಗೂ ಒಂದು ಚೀಟಿ, ಒಂದು ಪೆನ್ಸಿಲ್ ಕೊಡಿ. ಎದ್ದು ನಿಂತು ಕೇಳಲು ಹಿಂಜರಿಯುವ ಹೆಣ್ಣುಮಕ್ಕಳು, ವಿದ್ಯಾರ್ಥಿಗಳು, ತೋಟದ ಕಾರ್ಮಿಕರು ಚೀಟಿಯಲ್ಲಿ ಬರೆಯುತ್ತಾರೆ; ಸಾಮಾನ್ಯವಾಗಿ ಒಳ್ಳೆಯ ಪ್ರಶ್ನೆಗಳು ಅಲ್ಲೇ ಇರುತ್ತವೆ. ಬರೆಯಲು ಬಾರದವರ ಪಕ್ಕ ಕೂತು ಬರೆದುಕೊಳ್ಳುವ ಒಬ್ಬರನ್ನು ನೇಮಿಸಿ. ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳ ಯಾವುದರಲ್ಲಿದ್ದರೂ ಸರಿ, ಓದುವವರು ಕನ್ನಡದಲ್ಲಿ ಓದಲಿ. ಮೊದಲ ಎರಡು ಪ್ರಶ್ನೆ ಚೀಟಿಯಿಂದ, ಆಮೇಲೆ ಕೈ ಎತ್ತಿದವರಿಗೆ.

ಪ್ರಶ್ನೆ ಕೇಳುತ್ತೇನೆಂದು ಎದ್ದು ಭಾಷಣ ಮಾಡುವ ಹಿರಿಯರು ಇರುತ್ತಾರೆ. ಅವರನ್ನು ನಡುವೆ ತಡೆದರೆ ಮುನಿಸು. ಉಸಿರು ತೆಗೆದುಕೊಳ್ಳಲು ನಿಂತ ಕ್ಷಣದಲ್ಲಿ ‘ಹಾಗಾದರೆ ನಿಮ್ಮ ಪ್ರಶ್ನೆ ಹೀಗೆ ಅಲ್ಲವೇ’ ಎಂದು ನೀವೇ ಒಂದು ಪ್ರಶ್ನೆ ಮಾಡಿ ಪರಿಣತರತ್ತ ತಿರುಗಿಸಿ.

ಒಂದು ಪ್ರಶ್ನೆಯಂತೂ ಬಂದೇ ಬರುತ್ತದೆ: ‘ಇಷ್ಟು ನೀರು ಸುಮ್ಮನೆ ಸಮುದ್ರಕ್ಕೆ ಹೋಗಿ ವ್ಯರ್ಥವಾಗುತ್ತದಲ್ಲ?’ ಕಾವೇರಿಯ ತವರಿನಲ್ಲಿ ಇದು ಬರೀ ವಿಜ್ಞಾನದ ಪ್ರಶ್ನೆಯಲ್ಲ, ರಾಜಕೀಯವೂ ಹೌದು, ಭಾವನೆಯೂ ಹೌದು. ಪರಿಣತರಿಗೆ ಇದನ್ನು ಮೊದಲೇ ತಿಳಿಸಿ ಸಿದ್ಧರಾಗಲು ಹೇಳಿ. ಅವರ ಕೈಯಲ್ಲಿ ಎರಡು ಸಂಗತಿ ಇರಬೇಕು. ಮೊದಲನೆಯದು, ಡಬ್ಬಿಯಲ್ಲಿ ಈಗಷ್ಟೇ ನೋಡಿದ್ದು: ಸಿಹಿನೀರಿನ ಒತ್ತು ಕಡಿಮೆಯಾದರೆ ಉಪ್ಪು ಒಳಗೆ ಬರುತ್ತದೆ, ಜೊತೆಗೆ ದಂಡೆಗೆ ಮರಳು, ಮೀನಿನ ಮರಿಗಳಿಗೆ ಪೋಷಕಾಂಶ ತರುವುದೂ ಅದೇ ನೀರು. ಎರಡನೆಯದು, ಕಾವೇರಿ ನ್ಯಾಯಮಂಡಳಿಯ 2007ರ ತೀರ್ಪು. ಒಟ್ಟು 740 ಟಿಎಂಸಿ ಹಂಚುವಾಗ ಅದು ಪರಿಸರಕ್ಕೆಂದು 10 ಟಿಎಂಸಿ, ತಡೆಯಲಾಗದೆ ಸಮುದ್ರಕ್ಕೆ ಹೋಗುವುದಕ್ಕೆಂದು 4 ಟಿಎಂಸಿ ಬೇರೆಯಾಗಿ ಇಟ್ಟಿತು. ನೀರಿಗಾಗಿ ಜಗಳವಾಡಿದ ಕಡತದಲ್ಲೇ ಹೊಳೆಗೂ ಕಡಲಿಗೂ ಒಂದು ಪಾಲು ಬರೆದಿದೆ ಎಂದರೆ ಜನ ಕಿವಿಗೊಡುತ್ತಾರೆ. ಅದು ಸಾಕೇ ಸಾಲದೇ ಎಂಬ ವಾದ ಹತ್ತು ನಿಮಿಷ ನಡೆಯಲಿ. ಮಾತು ಕರ್ನಾಟಕ ತಮಿಳುನಾಡು ಎಂದು ತಿರುಗಿದ ಕೂಡಲೇ ನಡೆಸಿಕೊಡುವವರು ಇನ್ನೊಂದು ಚೀಟಿ ಓದಬೇಕು.

‘ಗೊತ್ತಿಲ್ಲ’ ಎಂದು ಪರಿಣತರು ಹೇಳಿದರೆ ಆ ಚೀಟಿಯನ್ನು ಬೇರೆ ಲಕೋಟೆಗೆ ಹಾಕಿ. ಸಮಯ ಸಾಲದೆ ಉಳಿದವೂ ಅದಕ್ಕೇ. ಮರುದಿನ ಬೆಳಿಗ್ಗೆ ಅವರು ಹೊರಡುವ ಮೊದಲು ಲಕೋಟೆಯ ಫೋಟೋ ಪ್ರತಿ ಕೊಟ್ಟು, ಹತ್ತು ದಿನದೊಳಗೆ ಒಂದೊಂದು ಸಾಲಿನ ಉತ್ತರ ವಾಟ್ಸ್ಆ್ಯಪ್ ಧ್ವನಿ ಸಂದೇಶದಲ್ಲಿ ಕಳಿಸಲು ಕೇಳಿಕೊಳ್ಳಿ. ಬರೆದು ಕಳಿಸಿ ಎಂದರೆ ತಿಂಗಳಾದರೂ ಬರುವುದಿಲ್ಲ, ಮಾತಾಡಿ ಕಳಿಸಿ ಎಂದರೆ ಬರುತ್ತದೆ. ಅದನ್ನು ಬರಹಕ್ಕೆ ಇಳಿಸಿ, ಅವರಿಗೊಮ್ಮೆ ತೋರಿಸಿ ಒಪ್ಪಿಗೆ ಪಡೆದು, ಬಂದವರ ಗುಂಪಿಗೂ ಸ್ಥಳೀಯ ಪತ್ರಿಕೆಗೂ ಕಳಿಸಿ.